ಕ್ಯಾಮೆರಾ ಕಣ್ಣಿಗೆ ಕುಂಕುಮ

ಆಯುಧಪೂಜೆಯ ಮಾರನೇ ದಿನ ಬೆಳಿಗ್ಗೆ ಗಂಜಾಂನಲ್ಲಿ ನಮ್ಮ ಮನೆ ಹತ್ತಿರದ ನದಿ ಮೆಟ್ಟಿಲ ಮೇಲೆ ನಿಂತು ಕಾವೇರಿಯ ಒಂದು ಫೋಟೊ ತೆಗೆದೆ. ಪತ್ರಿಕೆಯಿಂದ ನಿವೃತ್ತನಾದರೂ ಹೊಳೆ ತುಂಬಿದಾಗಲೆಲ್ಲ ಫೋಟೊ ತೆಗೆದಿಟ್ಟುಕೊಳ್ಳುವ ಚಟ ಹೋಗಿಲ್ಲ. ತೆರೆದು ನೋಡಿದರೆ ಹೊಳೆಯೂ ಇಲ್ಲ, ಆಚೆ ದಡವೂ ಇಲ್ಲ. ಪರದೆಯ ತುಂಬ ಕೆಂಪು ಮಂಜು. ಫೋನು ತಿರುಗಿಸಿದೆ. ಲೆನ್ಸಿನ ಮೇಲೆ ಅರಿಶಿನ, ಅದರ ನಡುವೆ ದುಂಡಗೆ ಕುಂಕುಮ.

ಒರೆಸೋಣವೆಂದು ಕರ್ಚೀಫು ತೆಗೆದವನು ಹಾಗೇ ನಿಂತೆ. ಆ ಕೆಂಪು ನನಗೆ ಹಳೆಯ ಪರಿಚಯ. ಅದರ ಕಥೆ ಹೇಳಬೇಕಾದರೆ ತೋಳದಿಂದ ಶುರು ಮಾಡಬೇಕು. ಸ್ವಲ್ಪ ಸುತ್ತು ದಾರಿ, ಜೊತೆಗೆ ಬನ್ನಿ.

ನಮ್ಮ ಕಡೆ ತೋಳವಿದೆ ಎಂದರೆ ಹೊರಗಿನವರು ನಂಬುವುದಿಲ್ಲ. ಶ್ರೀರಂಗಪಟ್ಟಣಕ್ಕೆ ಬಂದವರು ಕೋಟೆ ನೋಡುತ್ತಾರೆ, ದೇವಸ್ಥಾನ ನೋಡುತ್ತಾರೆ, ಹಕ್ಕಿ ನೋಡಿ ಬಸ್ಸು ಹತ್ತುತ್ತಾರೆ. ಪಾಂಡವಪುರ ದಾಟಿ, ಕಬ್ಬಿನ ಗದ್ದೆಗಳು ಮುಗಿದು, ಬಂಡೆ ಮತ್ತು ಕುರುಚಲು ಗಿಡಗಳ ಗುಡ್ಡ ಶುರುವಾಗುವ ಕಡೆಗೆ ಯಾರೂ ಹೋಗುವುದಿಲ್ಲ. ಅಲ್ಲೊಂದು ಸಣ್ಣ ಅಭಯಾರಣ್ಯ. ವರದಿಗಾರನಾಗಿ ಇಡೀ ಜೀವಮಾನ ಈ ತಾಲ್ಲೂಕುಗಳನ್ನು ಸುತ್ತಿದ ನಾನು ತೋಳ ಕಂಡಿದ್ದು ಒಂದೇ ಸಲ. ಯಾರದೋ ಬೀದಿನಾಯಿ ಎಂದುಕೊಂಡು "ಹಚಾ" ಎಂದಿದ್ದೆ. ಅದು ನನ್ನನ್ನು ಒಂದು ಕ್ಷಣ ನೋಡಿ, ಇಂಥವನ ಜೊತೆ ಏನು ಮಾತು ಎಂಬಂತೆ ಪೊದೆಯೊಳಗೆ ನಡೆದುಹೋಯಿತು.

ಕೆಲವು ವರ್ಷಗಳ ಹಿಂದೆ ಆ ತೋಳಗಳ ಬಗ್ಗೆ ಸಂಶೋಧನೆ ಮಾಡಲು ಮೈಸೂರಿನಿಂದ ಸುಮಿತ್ರಾ ಎಂಬವರು ಬಂದರು. ಕಾಲು ಹಿಡಿಯುವ ಬೋನು ಇಟ್ಟು ತೋಳವನ್ನು ಹಿಡಿದು, ಕತ್ತಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಡಬೇಕು ಎಂಬುದು ಅವರ ಯೋಜನೆ. ಅದರ ವಿರುದ್ಧ ನಾಗಮಂಗಲದ ವಕೀಲರೊಬ್ಬರು ನ್ಯಾಯಾಲಯಕ್ಕೆ ಹೋದರು. ಅಭಯಾರಣ್ಯ ಅಂದ ಮೇಲೆ ಪ್ರಾಣಿಗೆ ಅಲ್ಲಿ ಭಯ ಇರಬಾರದು; ಕಾಲಿಗೆ ಕಬ್ಬಿಣ ಸಿಕ್ಕಿಸಿ ಅದರ ಒಳಿತು ಹುಡುಕುವುದು ಯಾವ ನ್ಯಾಯ ಎಂದು ಅವರ ವಾದ. ತೋಳಕ್ಕೆ ಹುಲಿಯ ಹಾಗೆ ಪಟ್ಟೆಯಿಲ್ಲ, ಫೋಟೊದಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡಲಾಗದು, ಪಟ್ಟಿ ಕಟ್ಟದೆ ಅವು ಎಷ್ಟಿವೆ, ಎಲ್ಲಿ ತಿರುಗುತ್ತವೆ ಎಂದು ತಿಳಿಯದು, ತಿಳಿಯದೆ ಉಳಿಸುವುದು ಹೇಗೆ ಎಂದು ಸುಮಿತ್ರಾ ಅವರ ವಾದ. ನನಗೆ ಎರಡೂ ಸರಿ ಎನ್ನಿಸುತ್ತಿದ್ದವು. ಪತ್ರಕರ್ತನಿಗೆ ಅದೊಂದು ಅನುಕೂಲ. ತೀರ್ಮಾನ ಹೇಳುವ ಕಷ್ಟವಿಲ್ಲ.

ನ್ಯಾಯಾಲಯ ನಡುದಾರಿ ಹಿಡಿಯಿತು. ಮೊದಲು ಆರು ತಿಂಗಳು ಮರಗಳಿಗೆ ಕ್ಯಾಮೆರಾ ಕಟ್ಟಿ ನೋಡಿ; ಅದರಿಂದ ಆಗದು ಎಂದು ಕಂಡರೆ ಪಟ್ಟಿಯ ವಿಚಾರ. ಅಲ್ಲಿಯವರೆಗೆ ಆ ಕ್ಯಾಮೆರಾಗಳನ್ನು ಸುಮಿತ್ರಾ ಅವರ ಹೊರತು ಯಾರೂ ಮುಟ್ಟಕೂಡದು. ಎದುರು ಏನಾದರೂ ಅಲುಗಾಡಿದರೆ ತಾನೇ ಫೋಟೊ ತೆಗೆಯುವ ಹತ್ತು ಪೆಟ್ಟಿಗೆಗಳು ಗುಡ್ಡದಲ್ಲಿ ನಿಂತವು. ಅವನ್ನು ಕಾಯಲು ಅರಣ್ಯ ಇಲಾಖೆಯವರು ವಾಚರ್ ಜವರಪ್ಪನನ್ನು ಹಾಕಿದರು.

ಜವರಪ್ಪ ಹೊಸಹೊಳಲಿನ ಹತ್ತಿರದವನು. ದಿನಗೂಲಿ ವಾಚರ್ ಆಗಿ ಸೇರಿ, ಕಪ್ಪಗಿದ್ದ ಮೀಸೆ ಬೆಳ್ಳಗಾಗುವವರೆಗೂ ದಿನಗೂಲಿಯಾಗೇ ಉಳಿದವನು. ಆ ವರ್ಷ ಅವನನ್ನು ಕಾಯಂ ಮಾಡುವ ಕಡತ ಕೊನೆಗೂ ಮೇಜಿನಿಂದ ಮೇಜಿಗೆ ಚಲಿಸುತ್ತಿತ್ತು. "ಇದೊಂದ್ ಆಗ್ಬುಟ್ರೆ ಸಾಕು ಸಾ, ಆಮೇಕೆ ತ್ವಾಳ ಬಂದು ನನ್ನೇ ತಿನ್ಲಿ" ಎನ್ನುತ್ತಿದ್ದ.

ದಸರೆ ಕಳೆಯಿತು. ಚಿತ್ತೆ ಮಳೆ ಚೆನ್ನಾಗಿ ಹೊಡೆಯಿತು. ತಿಂಗಳ ಮೇಲೆ ಸುಮಿತ್ರಾ ಬಂದು ನೋಡಿದರೆ ಹತ್ತೂ ಕ್ಯಾಮೆರಾಗಳ ಗಾಜಿನ ಮೇಲೆ ಮಳೆಗೆ ನೆನೆದು ಒಣಗಿದ, ಬಣ್ಣದಂಥ ಕೆಂಪು ಕಲೆ. ತಾವು ಏನು ಮಾಡಿದರೂ ನಾಳೆ ತಮ್ಮ ಮೇಲೇ ಬರುತ್ತದೆ ಎಂದು ಹೆದರಿದ ಅವರು ಒಳಗಿನ ಕಾರ್ಡುಗಳನ್ನು ತೆರೆದೂ ನೋಡದೆ ಲಕೋಟೆಗೆ ಹಾಕಿ, ಅರಗು ಹಾಕಿ, ನ್ಯಾಯಾಲಯಕ್ಕೆ ಕೊಟ್ಟರು. ವಕೀಲರ ಕಡೆಯವರು ಅಂದರು: ಕ್ಯಾಮೆರಾದಿಂದ ಆಗದು ಎಂದು ತೋರಿಸಲು ಆಕೆಯೇ ಬಣ್ಣ ಬಳಿಸಿದ್ದಾರೆ. ಸುಮಿತ್ರಾ ಕಡೆಯವರು ಅಂದರು: ಸಂಶೋಧನೆ ನಿಲ್ಲಿಸಲು ಅವರೇ ಬಳಿಸಿದ್ದಾರೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ನಾನು ಒಂದೇ ಪಾಠ ಹೇಳುತ್ತಿದ್ದೆ: ಕಂಡದ್ದನ್ನು ಬರೆ, ಕೇಳಿದ್ದಾದರೆ ಯಾರು ಹೇಳಿದ್ದೆಂದು ಬರೆ. ಅವತ್ತು ನನಗೆ ಪುಟ ಮುಗಿಸುವ ಅವಸರ. ಸ್ಥಳಕ್ಕೆ ಹೋಗಲಿಲ್ಲ. ಫೋನಿನಲ್ಲೇ ಎರಡೂ ಕಡೆ ವಿಚಾರಿಸಿ ಏಳು ಸಾಲು ಬರೆದೆ: "ಅಭಯಾರಣ್ಯದಲ್ಲಿ ಅಳವಡಿಸಿದ್ದ ಕ್ಯಾಮೆರಾಗಳಿಗೆ ಕಿಡಿಗೇಡಿಗಳು ಬಣ್ಣ ಬಳಿದು ಹಾಳುಗೆಡವಿದ್ದಾರೆ." ಕಿಡಿಗೇಡಿಗಳು ಎಂಬ ಪದ ನಮ್ಮ ಬೆರಳ ತುದಿಯಲ್ಲೇ ಇರುತ್ತದೆ. ಯಾರೆಂದು ಗೊತ್ತಿಲ್ಲದಾಗ ಆ ಜಾಗ ತುಂಬಲು ಅದಕ್ಕಿಂತ ಸಲೀಸಾದ ಪದ ಇನ್ನೊಂದಿಲ್ಲ.

ಕ್ಯಾಮೆರಾ ಯಾರಾದರೂ ಮುಟ್ಟಿದರಾ ಎಂದು ಕೇಳಿದವರಿಗೆಲ್ಲ ಜವರಪ್ಪ "ಯಾರೂ ಮುಟ್ಟಿಲ್ಲ" ಎಂದೇ ಹೇಳಿದ. ಹಾಗಾದರೆ ಇವನೇ ಸುಳ್ಳ, ಇವನೇ ಎದುರು ಕಡೆಯವರ ಆಳು ಎಂದು ಎರಡೂ ಕಡೆಯವರು ತೀರ್ಮಾನಿಸಿದರು. ಅವರಿಬ್ಬರೂ ಒಪ್ಪಿದ ವಿಷಯ ಅದೊಂದೇ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಇಲಾಖೆಯವರು ಹೇಳಿ ಕಳಿಸಿದರು. ಕಡತ ನಿಂತಿತು.

ಪಾಂಡವಪುರದ ಟೀ ಅಂಗಡಿಯ ಮುಂದೆ ಅವನು ನನಗೆ ಸಿಕ್ಕ. ಬೆಂಚಿನ ಮೇಲಿದ್ದ ಅವನ ಊರಿನವನೊಬ್ಬ ರೇಗಿಸುತ್ತಿದ್ದ. "ಏನ್ಲಾ ಜವರ, ತ್ವಾಳುಕ್ಕೆ ಓಳಿ ಆಡ್ಸುದ್ಯಂತೆ?"

"ಸುಮ್ನಿರ್ಲಾ ಲೇ, ಒಟ್ಟೆ ಉರೀತಾ ಅದೆ" ಎಂದವನು ನನ್ನನ್ನು ಕಂಡು ಎದ್ದ. ಅಂಗಿ ಜೇಬಿನಿಂದ ಮಡಿಸಿದ ಕಾಗದ ತೆಗೆದ. ನನ್ನ ಏಳು ಸಾಲು.

"ಸಾ, ಕಿಡಿಗೇಡಿ ಅಂತ ಬರ್ದಿದ್ದೀರಲ್ಲ, ಅದು ನನ್ನೇನಾ?"

"ಯಾರು ಅಂತ ಗೊತ್ತಿರಲಿಲ್ಲ ಜವರಪ್ಪ. ಅದಕ್ಕೆ ಹಾಗೆ ಬರೆದೆ."

"ಗೊತ್ತಿಲ್ದಿದ್ರೆ ಕೇಳ್ಬೋದಿತ್ತಲ್ಲ ಸಾ. ನಾನ್ ಅಲ್ಲೇ ಇದ್ದೆ."

ಟೀ ಕುಡಿದೆ. ಸಕ್ಕರೆ ಜಾಸ್ತಿ ಎಂದು ಅಂಗಡಿಯವನ ಮೇಲೆ ಸುಮ್ಮನೆ ಸಿಡುಕಿದೆ.

ಕೊನೆಗೆ ನ್ಯಾಯಾಲಯ ಒಬ್ಬ ಹಿರಿಯ ವಕೀಲರನ್ನು ಕಮಿಷನರ್ ಆಗಿ ನೇಮಿಸಿ, ಎರಡೂ ಕಡೆಯವರ ಎದುರಿನಲ್ಲಿ ಕಾರ್ಡುಗಳನ್ನು ತೆರೆದು ನೋಡಿ ವರದಿ ಕೊಡಲು ಹೇಳಿತು. ಗುಡ್ಡದ ಬುಡದ ಅತಿಥಿಗೃಹದ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟರು. ಈ ಸಲ ನಾನು ಎಲ್ಲರಿಗಿಂತ ಮೊದಲೇ ಹೋಗಿದ್ದೆ. ಜವರಪ್ಪ ಕಂಬಕ್ಕೆ ಒರಗಿ, ಟವೆಲನ್ನು ಹಿಂಡುತ್ತಾ ನಿಂತಿದ್ದ.

ಮೊದಲು ನರಿ ಬಂತು, ಮೊಲ ಬಂತು, ತೋಳದ ಬಾಲವೊಂದು ಬಂತು. ಆಮೇಲೆ ಹಗಲು ಹೊತ್ತಿನ ಒಂದು ಫೋಟೊ. ಪರದೆಯ ತುಂಬ ಜವರಪ್ಪನ ಮುಖ. ಎಣ್ಣೆ ಹಾಕಿ ಬಾಚಿದ ತಲೆ, ಹಣೆಯ ಮೇಲೆ ಹೊಸ ವಿಭೂತಿ. ಮುಂದಿನದರಲ್ಲಿ ಊದುಬತ್ತಿಯ ಹೊಗೆ. ಅದರ ಮುಂದಿನದರಲ್ಲಿ ಅವನು ಕಣ್ಣು ಮುಚ್ಚಿ ಕೈ ಮುಗಿದಿದ್ದ. ಆಮೇಲೆ ಒಂದು ಹೆಬ್ಬೆರಳು, ದೊಡ್ಡದಾಗುತ್ತಾ, ಇನ್ನೂ ದೊಡ್ಡದಾಗುತ್ತಾ ಬಂತು. ಆಮೇಲೆಲ್ಲ ಕೆಂಪು.

ಎರಡನೇ ಕಾರ್ಡು ಹಾಕಿದರು. ಅದೇ ಮುಖ, ಅದೇ ಹೊಗೆ, ಅದೇ ಹೆಬ್ಬೆರಳು. ಮೂರನೆಯದಕ್ಕೆ ನಾಗಮಂಗಲದ ವಕೀಲರ ಹೆಗಲು ಕುಲುಕತೊಡಗಿತು. ಸುಮಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಮಿಷನರ್ ಮಾತ್ರ ನಗಲಿಲ್ಲ.

"ಏನಪ್ಪಾ ಇದು? ಯಾರೂ ಮುಟ್ಟಿಲ್ಲ ಅಂದ್ಯಲ್ಲ?"

"ಮುಟ್ಟಿಲ್ಲ ಸೋಮಿ. ಪೂಜೆ ಮಾಡ್ದೆ."

"ಪೂಜೆ ಮಾಡಿದ್ರೆ ಮುಟ್ಟಿದ ಹಾಗಲ್ವೇನಯ್ಯ?"

ಜವರಪ್ಪ ನಿಜವಾಗಿಯೂ ಯೋಚಿಸಿದ. "ದ್ಯಾವ್ರಿಗೆ ಕುಂಕ್ಮ ಇಟ್ರೆ ದ್ಯಾವ್ರುನ್ನ ಹಾಳ್ ಮಾಡ್ದಂಗಾಯ್ತದಾ ಸೋಮಿ? ಆಯ್ದಪೂಜೆ ದಿವ್ಸ ಜೀಪಿಗ್ ಮಾಡುದ್ರು, ವೈರ್ಲೆಸ್ಸಿಗ್ ಮಾಡುದ್ರು, ನನ್ ಮಚ್ಚಿಗೂ ಮಾಡ್ದೆ. ಇವು ಮಳೇಲಿ, ಬಿಸ್ಲಲ್ಲಿ ಒಂಟಿಯಾಗ್ ನಿಂತು ದುಡೀತಾವೆ. ಇವಕ್ಕ್ ಮಾತ್ರ ಮಾಡ್ದೆ ಎಂಗ್ ಬುಡದು?"

"ಅದಕ್ಕೆ ಕಣ್ಣಿಗೇ ಹಚ್ಚಿಬಿಟ್ಯಾ?"

"ಅಣೆ ಎಲ್ಲದೆ ಅಂತ ಗೊತ್ತಾಗ್ನಿಲ್ಲ ಸೋಮಿ."

ಈಗ ಕಮಿಷನರೂ ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ವಾರಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದಿದ್ದ ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂತು ಉಳಿದ ಏಳು ಕಾರ್ಡುಗಳನ್ನೂ ನೋಡಿದರು. ನೋಡುವ ಅಗತ್ಯ ಯಾರಿಗೂ ಇರಲಿಲ್ಲ. ಒಂದರಲ್ಲಿ ಹೆಬ್ಬೆರಳು ಸ್ವಲ್ಪ ಜಾರಿ ಮೂಲೆ ಬಿಟ್ಟಿತ್ತು. ಆ ಮೂಲೆಯಲ್ಲಿ ಪೂಜೆಯ ಬಾಳೆಹಣ್ಣನ್ನು ಮೂಸುತ್ತಿದ್ದ ಒಂದು ತೋಳದ ಮುಖ. ಎಡಗಿವಿಯ ತುದಿ ಹರಿದಿತ್ತು. "ಇದನ್ನ ಎಲ್ಲಿ ಕಂಡರೂ ಗುರುತು ಹಿಡಿತೀನಿ" ಎಂದು ಸುಮಿತ್ರಾ ಮೆಲ್ಲಗೆ ಹೇಳಿದರು. ನಾಗಮಂಗಲದ ವಕೀಲರು ಅವರ ಕಡೆ ತಿರುಗಿ, "ಹಾಗಾದ್ರೆ ಪಟ್ಟಿ ಇಲ್ದೆನೂ ಗುರುತು ಸಿಗತ್ತೆ ಅಂತಾಯ್ತು" ಎಂದರು. "ಒಂದಕ್ಕೆ ಮಾತ್ರ" ಎಂದರು ಸುಮಿತ್ರಾ. ಆದರೆ ದನಿಯಲ್ಲಿ ಹಳೆಯ ಖಾರವಿರಲಿಲ್ಲ.

ದುರುದ್ದೇಶವಿಲ್ಲ ಎಂದು ವರದಿ ಹೋಯಿತು. ಕ್ಯಾಮೆರಾಗಳಿಗೆ ಇನ್ನೂ ಆರು ತಿಂಗಳು ಸಿಕ್ಕಿತು. ಆದೇಶದಲ್ಲಿ ಒಂದು ಸಾಲು ಸೇರಿತ್ತು: ಸಿಬ್ಬಂದಿಯು ಪೂಜೆ ಸಲ್ಲಿಸಬಯಸಿದಲ್ಲಿ ಉಪಕರಣದ ಹಿಂಬದಿಗೆ ಮಾತ್ರ ಸಲ್ಲಿಸತಕ್ಕದ್ದು. ಜವರಪ್ಪ ಮರುವಾರವೇ ಗುಡ್ಡಕ್ಕೆ ಮರಳಿದ. ನಿಂತಿದ್ದ ಕಡತ ಮುಂದಿನ ಯುಗಾದಿಯೊಳಗೆ ಕೊನೆಯ ಮೇಜು ಮುಟ್ಟಿತು. ನಾನು ಈ ಸಲ ಏಳಲ್ಲ, ಇಪ್ಪತ್ತು ಸಾಲು ಬರೆದೆ. ಹಿಂದಿನ ವರದಿಯಲ್ಲಿ ಬಳಸಿದ ಪದ ತಪ್ಪು ಎಂಬುದನ್ನು ಕೊನೆಯಲ್ಲಿ ಅಲ್ಲ, ಮೊದಲನೇ ಸಾಲಿನಲ್ಲೇ ಬರೆದೆ. ಆ ರಾತ್ರಿ ಬಂದಂಥ ನಿದ್ದೆ ಬಹಳ ದಿನಗಳಿಂದ ಬಂದಿರಲಿಲ್ಲ.

ಮೆಟ್ಟಿಲ ಮೇಲೆ ಇಷ್ಟೆಲ್ಲ ನೆನೆಯುವಷ್ಟರಲ್ಲಿ ಬಿಸಿಲು ಏರಿತ್ತು. ಫೋನನ್ನು ಒರೆಸದೆ ಹಾಗೇ ಮನೆಗೆ ತಂದೆ. ಹೆಂಡತಿ ಮಿಕ್ಸಿಯ ಮೇಲಿನ ಸೇವಂತಿಗೆ ಹೂವು ತೆಗೆಯುತ್ತಿದ್ದಳು. ಯಾರು ಮಾಡಿದ್ದೆಂದು ನನಗೆ ಗೊತ್ತು; ಆದರೂ ಕೇಳುವುದು ಒಳ್ಳೆಯದು.

"ಕುಂಕುಮ ಇಲ್ಲಿಗೆ ಯಾಕೆ ಹಚ್ಚಿದೆ?"

ಅವಳು ಫೋನನ್ನೂ ನನ್ನನ್ನೂ ನೋಡಿದಳು.

"ಹಿಂದ್ಗಡೇನೇ ಹಚ್ಬೇಕು ಅಂತ ಕೋರ್ಟ್ ಆರ್ಡರಾಗಿದೆ ಅಂದವರು ನೀವೇ ಅಲ್ವೇನ್ರೀ? ಮರೀದೆ ತಿರುಗಿಸಿ ಹಿಂದ್ಗಡೆ ಹಚ್ಚಿದೀನಿ."