ಟ್ಯಾಂಕಿನ ಕಂಬಕ್ಕೆ ಎಳೆ ಅಂಟಿಸಿದ ಯಶೋಧಾ

ಇಷ್ಟು ವರ್ಷದ ಹೋರಾಟದಲ್ಲಿ ಪೊಲೀಸರು ಕಿತ್ತ ಶಾಮಿಯಾನ ನೋಡಿದ್ದೇನೆ, ಗಾಳಿ ಹೊತ್ತುಕೊಂಡು ಹೋದದ್ದನ್ನೂ ನೋಡಿದ್ದೇನೆ. ಯಾರಿಗಾಗಿ ಹಾಕಿದ್ದೆವೋ ಅವರೇ ಬಂದು ಬಿಚ್ಚಿಸಿದ ಶಾಮಿಯಾನ ಮಾತ್ರ ಒಂದೇ. ಬಿಚ್ಚಿಸಿದವಳು ಅಶೋಕಪುರಂನ ಯಶೋಧಾ.

ಅದು ಎರಡು ಸಾವಿರದ ಎರಡನೇ ಇಸವಿ, ಫೆಬ್ರವರಿ. ಹಿನಕಲ್ ದಾಟಿದ ಮೇಲೆ ಶೀಟು ಹೊದಿಸಿದ ಒಂದು ಶೆಡ್ಡಿನಲ್ಲಿ ಷಡಕ್ಷರಿ ಅನ್ನುವವರ ಸಣ್ಣ ಕಾರ್ಖಾನೆ. ಕೆಲಸಕ್ಕೆ ಹನ್ನೊಂದು ಹೆಂಗಸರು. ತಿಂಗಳ ಕೊನೆಗೆ ಬಾಗಿಲು ಹಾಕುತ್ತೇವೆ ಅಂತ ಗೋಡೆಗೆ ಚೀಟಿ ಅಂಟಿಸಿದ್ದರು. ಸುದ್ದಿ ಸಿಕ್ಕಿದ್ದೇ ನಾವು ಸಂಘದವರು ಬಾವುಟ, ಮೈಕು, ಕಂಬ ಎಲ್ಲ ಆಟೋದಲ್ಲಿ ತುಂಬಿಕೊಂಡು ಗೇಟಿನ ಮುಂದೆ ಹೋಗಿ ಇಳಿದೆವು. ಎರಡು ಕಂಬ ನೆಟ್ಟಿದ್ದೆವು, ಅಷ್ಟರಲ್ಲಿ ಒಳಗಿಂದ ಯಶೋಧಾ ಓಡಿಬಂದಳು.

"ಅಣ್ಣ, ಮೊದಲು ಆ ಮೈಕ್ ಇಳಿಸಿ."

"ಯಾಕವ್ವ? ಕೆಲಸ ಹೋಗ್ತಿರೋದು ನಿಂದು, ನಂದಲ್ಲ."

"ಅದಕ್ಕೇ ಹೇಳ್ತಿರೋದು. ಹತ್ತು ದಿನ ಕೊಡಿ. ನೀವು ಈಗ ಧಿಕ್ಕಾರ ಅಂದ್ರೆ ಸಾರ್ ಬೀಗ ಜಡ್ಕೊಂಡು ಹೊರಟೋಗ್ಬುಡ್ತಾರೆ. ಒಳಗಿರೋ ಯಂತ್ರ ನನಗೆ ಬೇಕು."

"ಹತ್ತು ದಿನ ಆದ್ಮೇಲೆ?"

"ಆಮೇಲೆ ನಾನೇ ಮೈಕ್ ಹಿಡೀತೀನಿ. ನಿಮಗಿಂತ ಚೆನ್ನಾಗಿ ಬೈತೀನಿ ಬುಡಿ."

ಅದರಲ್ಲಿ ನನಗೆ ಅನುಮಾನ ಇರಲಿಲ್ಲ. ಕಂಬ ಕಿತ್ತೆವು.

ಆ ಶೆಡ್ಡಿನೊಳಗೆ ಅವರು ಮಾಡುತ್ತಿದ್ದದ್ದು ಏನು ಅಂತ ನನಗೆ ಅರ್ಥವಾಗಲು ಎರಡು ಕಪ್ ಟೀ ಹಿಡಿಯಿತು. ತಲೆಗೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ದೂರದೂರದ ಟೆಲಿಫೋನ್ ಮಾತು ಈಗ ಬೆಳಕಾಗಿ ಅದರೊಳಗೆ ಓಡುತ್ತದೆ. ಒಂದೇ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕು, ನಮ್ಮ ಕಣ್ಣಿಗೆ ಕಾಣದ ಬಣ್ಣಗಳು, ಒಂದೊಂದರ ಮೇಲೂ ಒಂದೊಂದು ಹೊರೆ ಮಾತು. ಈ ಎಳೆಗೆ ಲೇಸರ್ ಬಿಟ್ಟು ಉಗುರಿನಷ್ಟು ಉದ್ದದೊಳಗೆ ಸಾವಿರಾರು ಗೆರೆ ಬರೆಯುತ್ತಾರೆ. ಅದೇ ಗ್ರೇಟಿಂಗ್. ಗೆರೆ ಇರುವ ಜಾಗ ಒಂದೇ ಒಂದು ಬಣ್ಣವನ್ನು ಹಿಂದಕ್ಕೆ ಕಳಿಸಿ ಮಿಕ್ಕದ್ದನ್ನೆಲ್ಲ ಮುಂದಕ್ಕೆ ಬಿಡುತ್ತದೆ. ತುಂಬಿದ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಒಬ್ಬನನ್ನೇ ಹುಡುಕಿ ಇಳಿಸುವ ಕಂಡಕ್ಟರ್ ಇದ್ದ ಹಾಗೆ.

ಈ ಕಂಡಕ್ಟರಿಗೆ ಒಂದು ಚಾಳಿ ಉಂಟು. ಎಳೆಯನ್ನು ಜಗ್ಗಿದರೆ, ಅಮುಕಿದರೆ, ಬಿಸಿ ಮಾಡಿದರೆ ಹಿಂದಕ್ಕೆ ಬರುವ ಬಣ್ಣ ಚೂರು ಬದಲಾಗುತ್ತದೆ. ಟೆಲಿಫೋನಿನವರಿಗೆ ಇದು ದೊಡ್ಡ ತಲೆನೋವು. ಹಾಗಾಗಿ ಬಣ್ಣ ಸ್ವಲ್ಪ ಆಚೀಚೆ ಆದ ಗ್ರೇಟಿಂಗೆಲ್ಲ ರಿಜೆಕ್ಟ್ ಟ್ರೇಗೆ ಬೀಳುತ್ತಿದ್ದವು.

ಯಶೋಧಾ ಅಲ್ಲಿಗೆ ಸೇರಿದ್ದು ತೊಂಬತ್ತೇಳರಲ್ಲಿ. ಎಳೆಯ ಮೇಲೊಂದು ಪ್ಲಾಸ್ಟಿಕ್ ಸಿಪ್ಪೆ ಇರುತ್ತದೆ, ಗಾಜಿಗೆ ಗೀರು ಬೀಳದ ಹಾಗೆ ಅದನ್ನು ಸುಲಿಯಬೇಕು. ಡಿಪ್ಲೊಮಾ ಓದಿದವರು ಬಂದು ಪಟಪಟ ಮುರಿದು ಹೋಗಿದ್ದರು. ಎಸ್ಸೆಸ್ಸೆಲ್ಸಿ ಫೇಲಾಗಿದ್ದ ಯಶೋಧಾ ಕೂತಲ್ಲೇ ಆರು ಎಳೆ ಸುಲಿದಿಟ್ಟಳು. ಷಡಕ್ಷರಿ ಕನ್ನಡಕ ತೆಗೆದು ಒರೆಸಿಕೊಂಡು, "ಎಲ್ಲಿ ಕಲಿತೆಯಮ್ಮ?" ಅಂದರು.

"ಮನೇಲಿ ಸಾರ್. ಊದುಬತ್ತಿ ಹೊಸೀತೀವಿ."

ಅವಳ ತಾಯಿ ಪುಟ್ಟಲಿಂಗಮ್ಮ ಮೂವತ್ತು ವರ್ಷ ಊದುಬತ್ತಿ ಹೊಸೆದ ಹೆಂಗಸು. ಕಂಪನಿಯ ಏಜೆಂಟ್ ಹಿಟ್ಟು, ಕಡ್ಡಿ ತೂಗಿ ಕೊಡುತ್ತಿದ್ದ, ಹೊಸೆದು ಒಣಗಿಸಿದ ಬತ್ತಿ ತೂಗಿ ತೆಗೆದುಕೊಳ್ಳುತ್ತಿದ್ದ. ಒಣಗಿದ ಮೇಲೆ ತೂಕ ಇಳಿಯುವುದು ಸಹಜ. "ಹಿಟ್ಟು ಕದ್ದಿದ್ದೀಯ" ಅಂತ ಅವನು ದಬಾಯಿಸಿದರೆ ಬೇರೆ ಹೆಂಗಸರು ಅಳುತ್ತಿದ್ದರು. ಪುಟ್ಟಲಿಂಗಮ್ಮ ಅಳುವ ಪೈಕಿ ಅಲ್ಲ. ಅದೇ ದಿನದ ಹಿಟ್ಟಿನಲ್ಲಿ ಹೋಲಿಸಿ ನೋಡಲೆಂದೇ ಇನ್ನೊಂದು ಕಟ್ಟು, ಅವಳ ಮಾತಲ್ಲಿ ಜೊತೆಕಟ್ಟು, ಹೊಸೆದು, ಹಸಿಯಲ್ಲೇ ಅವನ ಕಣ್ಣೆದುರು ತೂಗಿಸಿ, ಅವನ ಕೈಲೇ ಗುರುತು ಹಾಕಿಸಿ, ಅದೇ ಬಿಸಿಲಿಗೆ ಇಡುತ್ತಿದ್ದಳು. ಮಾರನೆಯ ದಿನ ಮತ್ತೆ ತಕ್ಕಡಿಗೆ. "ನೋಡ್ಕೊ. ನನ್ನ ಕಟ್ಟಲ್ಲಿ ಎಷ್ಟು ಇಳಿದಿದೆಯೋ ಇದರಲ್ಲೂ ಅಷ್ಟೇ ಇಳಿದಿದೆ. ಕದ್ದಿರೋದು ನಾನಲ್ಲ, ಸೂರ್ಯ. ಹೋಗಿ ಅವನ ಮೇಲೆ ಕಂಪ್ಲೇಂಟ್ ಕೊಡು." ಇಂಥ ತಾಯಿಯ ಮಗಳು.

ಕಾರ್ಖಾನೆಯಲ್ಲಿ ಮೊದಲ ವರ್ಷ ಊಟಕ್ಕೆ ಅವಳೊಬ್ಬಳೇ ಬೇರೆ ಕೂರುತ್ತಿದ್ದಳು. ಅಶೋಕಪುರಂ ದಲಿತರ ಬಡಾವಣೆ, ಆ ಹೆಸರು ಕೇಳಿದ ಕೂಡಲೇ ಕೆಲವರ ಡಬ್ಬಿಯ ಮುಚ್ಚಳ ತಾನಾಗೇ ದೂರ ಸರಿಯುತ್ತಿತ್ತು. ಎರಡನೇ ವರ್ಷ ಎಳೆ ಸುಲಿಯುವುದನ್ನು ಎಲ್ಲರೂ ಅವಳ ಹತ್ತಿರವೇ ಕಲಿಯಬೇಕಾಗಿ ಬಂತು. ಮುಚ್ಚಳಗಳು ವಾಪಸ್ ಬಂದವು. ಅದನ್ನು ಮನಪರಿವರ್ತನೆ ಅಂತ ನಾನೇನೂ ಕರೆಯುವುದಿಲ್ಲ, ಅವರಿಗೆ ಗರಜಿತ್ತು ಅಷ್ಟೇ.

ಎರಡು ಸಾವಿರದ ಒಂದರ ಹೊತ್ತಿಗೆ ಹೊರದೇಶದ ಟೆಲಿಫೋನ್ ಕಂಪನಿಗಳು ದಬದಬನೆ ಬಿದ್ದವು. ಷಡಕ್ಷರಿಗೆ ಬರುತ್ತಿದ್ದ ಆರ್ಡರ್ ನಿಂತಿತು. ಕೆಲಸವಿಲ್ಲದೆ ಕೂತ ಯಶೋಧಾ ರಿಜೆಕ್ಟ್ ಎಳೆಗಳನ್ನು ಅಳತೆ ಯಂತ್ರಕ್ಕೆ ಸಿಕ್ಕಿಸಿ ಆಟ ಆಡತೊಡಗಿದಳು. ಹಿಂದಕ್ಕೆ ಬರುವ ಬಣ್ಣವನ್ನು ಯಂತ್ರ ಅಂಕಿಯಲ್ಲಿ ತೋರಿಸುತ್ತದೆ. ಟೀ ಲೋಟ ಹತ್ತಿರ ತಂದರೆ ಅಂಕಿ ಏರುತ್ತದೆ. ಎಳೆ ಅಂಟಿಸಿದ ಮೇಜಿನ ಮೇಲೆ ಯಾರಾದರೂ ಕೂತರೆ ಕದಲುತ್ತದೆ. ಯಾರು ಎಷ್ಟು ದಪ್ಪ ಅನ್ನುವುದೂ ಗೊತ್ತಾಗುತ್ತಿತ್ತು, ಜಗಳಗಳೂ ಆದವು.

ಚೀಟಿ ಅಂಟಿಸಿದ ದಿನ ಅವಳು ನೇರ ಷಡಕ್ಷರಿಯ ಕೋಣೆಗೆ ನುಗ್ಗಿದಳು. "ಸಾರ್, ಫೋನಿನವರಿಗೆ ಬೇಡವಾದ ಚಾಳೀನೇ ಬೇರೆಯವರಿಗೆ ಬೇಕಾಗಿರುತ್ತೆ. ಇದನ್ನ ಸೇತುವೆಗೋ ಕಟ್ಟಡಕ್ಕೋ ಅಂಟಿಸಿದ್ರೆ ಎಷ್ಟು ಭಾರ ಬಿತ್ತು, ಎಷ್ಟು ಬಗ್ಗಿತು ಅಂತ ಹೇಳಲ್ವಾ?"

ಷಡಕ್ಷರಿ ಮಠದ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದಿದ ಮನುಷ್ಯ, ದಡ್ಡನಲ್ಲ. "ಗೊತ್ತು ಕಣಮ್ಮ. ವಿದೇಶದಲ್ಲಿ ಮಾಡ್ತಾರೆ. ಇಲ್ಲಿ ಯಾರು ತಗೋತಾರೆ?"

"ಸೇತುವೆ ಪರೀಕ್ಷೆ ಮಾಡ್ತಾರಲ್ಲ, ನಿಮ್ಮ ಸ್ನೇಹಿತರು."

"ಬಿಂದುಮಾಧವನಾ? ಅವನು ಕಣ್ಣಾರೆ ಕಾಣದೆ ದೇವರನ್ನೂ ನಂಬಲ್ಲ."

"ತೋರಿಸ್ತೀನಿ. ಹತ್ತು ದಿನ, ಯಂತ್ರ, ಒಂದು ಆಟೋ."

ಅವಳ ಬೀದಿಯ ತುದಿಯಲ್ಲೊಂದು ಹಳೇ ನೀರಿನ ಟ್ಯಾಂಕ್ ಇತ್ತು. ನಾಲ್ಕು ಕಂಬದ ಮೇಲೆ ನಿಂತಿತ್ತು. ಅದಕ್ಕೆ ನೀರು ಏರಿಸಿ ಇಳಿಸುವವನು ಸಿದ್ದಪ್ಪಾಜಿ, ಯಶೋಧಾಗೆ ದೂರದ ದೊಡ್ಡಪ್ಪ. ಕಂಬಕ್ಕೆ ಕೂದಲಿನಷ್ಟು ಎಳೆ ಅಂಟಿಸುತ್ತಿದ್ದ ಅವಳನ್ನು ನೋಡಿ ಅವನು ಬೀಡಿ ಕೆಳಗಿಟ್ಟ.

"ಏನವ್ವ, ಟ್ಯಾಂಕ್‌ಗೆ ತಾಯಿತ ಕಟ್ತಿದ್ದೀಯಾ?"

"ಇಲ್ಲ ದೊಡ್ಡಪ್ಪ, ನಾಡಿ ನೋಡ್ತೀನಿ. ನೀರು ತುಂಬಿದಾಗ ಕಂಬ ಎಷ್ಟು ಕುಗ್ಗುತ್ತೆ, ಖಾಲಿಯಾದಾಗ ವಾಪಸ್ ಮೊದಲಿನ ಹಂಗೇ ಆಗುತ್ತಾ ಅಂತ. ಹಂಗೇ ಆದ್ರೆ ಕಂಬ ಗಟ್ಟಿ. ಆಗ್ಲಿಲ್ಲ ಅಂದ್ರೆ ಒಳಗೇನೋ ಕೆಟ್ಟಿದೆ."

"ಅದು ನಿಮ್ಮಪ್ಪನಿಗಿಂತ ಗಟ್ಟಿ ಕಣೆ" ಅಂದು ಅವನು ಪಂಪ್ ಮನೆಯಿಂದ ಕರೆಂಟ್ ಎಳೆದುಕೊಟ್ಟ.

ಬೆಳಿಗ್ಗೆ ಆರಕ್ಕೆ ಟ್ಯಾಂಕ್ ಖಾಲಿ. ಯಂತ್ರದಲ್ಲಿ ಕೊನೆಯ ಎರಡು ಅಂಕಿ ಹನ್ನೆರಡು. ಎಂಟಕ್ಕೆ ತುಂಬಿತು, ಕಂಬ ಕುಗ್ಗಿ ಅಂಕಿ ಐದಕ್ಕೆ ಇಳಿಯಿತು. ಯಶೋಧಾ ಚಪ್ಪಾಳೆ ತಟ್ಟಿದಳು. ಸಿದ್ದಪ್ಪಾಜಿ ಬೀದಿಗಳಿಗೆ ನೀರು ಬಿಟ್ಟ. ಹತ್ತೂವರೆಗೆ ಟ್ಯಾಂಕ್ ಮತ್ತೆ ಖಾಲಿ. ಹನ್ನೆರಡಕ್ಕೆ ಬರಬೇಕಾಗಿದ್ದ ಅಂಕಿ ಇಪ್ಪತ್ತೈದಕ್ಕೆ ಹೋಗಿ ಕೂತಿತು.

ಸಿದ್ದಪ್ಪಾಜಿ ಟ್ಯಾಂಕಿನ ಅಡಿಯಿಂದ ದೂರ ಹೋಗಿ ನಿಂತ. "ಏನಂತೆ? ಬೀಳುತ್ತಂತಾ?"

ಮಾರನೆಯ ದಿನವೂ ಅದೇ ಕಥೆ. ಹತ್ತರಲ್ಲಿ ಆಗಲೇ ಆರು ದಿನ ಕಳೆದಿತ್ತು. ಬೀದಿಯಲ್ಲಿ ಟ್ಯಾಂಕ್ ವಾಲಿದೆ ಅಂತ ಸುದ್ದಿ ಹಬ್ಬಿ, ಕೊಡ ಹಿಡಿದ ಹೆಂಗಸರು ಕತ್ತೆತ್ತಿ ನೋಡಿಕೊಂಡೇ ಓಡಾಡತೊಡಗಿದರು. ಯಶೋಧಾ ಮನೆಗೆ ಬಂದು ನಡೆದದ್ದು ಹೇಳಿ ಉಣ್ಣದೆ ಕೂತಳು. ಹೊಸೆಯುತ್ತಿದ್ದ ಪುಟ್ಟಲಿಂಗಮ್ಮ ತಲೆ ಎತ್ತದೆ ಕೇಳಿದಳು: "ನೀರು ಬಿಟ್ಟು ಖಾಲಿ ಮಾಡೋ ಹೊತ್ತಿಗೆ ಕಂಬದ ಮೇಲೆ ಬಿಸಿಲಿರುತ್ತಾ?"

"ಇರುತ್ತೆ."

"ಮತ್ತೆ ಜೊತೆಕಟ್ಟು ಎಲ್ಲಿ?"

ಯಶೋಧಾ ತಾಯಿಯ ಮುಖ ನೋಡಿದಳು. ಲೇಸರಿನ ಹತ್ತಿರ ಐದು ವರ್ಷ ಕೂತವಳು, ಬಿಸಿಗೆ ಅಂಕಿ ಏರುತ್ತದೆ ಅಂತ ಟೀ ಲೋಟ ಹಿಡಿದು ಆಡಿದವಳು, ಟ್ಯಾಂಕಿನ ಹತ್ತಿರ ಅದನ್ನೇ ಮರೆತಿದ್ದಳು. "ನನ್ನ ತಲೆಗೆ ಸಗಣಿ ತುಂಬಿದೆ ಕಣಮ್ಮ" ಅಂದು ಎದ್ದು ಹೋಗಿ ಉಂಡಳು.

ಮಾರನೆಯ ಬೆಳಿಗ್ಗೆ ಪಂಪ್ ಮನೆ ಹಿಂದೆ ಬಿದ್ದಿದ್ದ ದಪ್ಪನೆಯ ಕಾಂಕ್ರೀಟ್ ತುಂಡೊಂದನ್ನು ಉರುಳಿಸಿ ತಂದು ಕಂಬದ ಪಕ್ಕ, ಅದೇ ಬಿಸಿಲಿಗೆ ಕೂರಿಸಿದಳು. ಅದಕ್ಕೂ ಒಂದು ರಿಜೆಕ್ಟ್ ಎಳೆ ಅಂಟಿಸಿದಳು. ನೀರಿನ ಭಾರ ಆ ತುಂಡಿಗೆ ಬೀಳುವುದಿಲ್ಲ, ಬಿಸಿಲು ಮಾತ್ರ ಬೀಳುತ್ತದೆ. ಹತ್ತೂವರೆಗೆ ಕಂಬದ ಅಂಕಿ ಇಪ್ಪತ್ತಾರು. ತುಂಡಿನದು ಬೆಳಗಿಗಿಂತ ಹದಿನಾಲ್ಕು ಏರಿತ್ತು. ಕಳೆದರೆ ಹನ್ನೆರಡು. ಬೆಳಿಗ್ಗೆ ಆರರ ಅದೇ ಹನ್ನೆರಡು.

"ಗಟ್ಟಿ ಅಂತ ನಾನು ಅವತ್ತೇ ಹೇಳಿದ್ದೆ" ಅಂದ ಸಿದ್ದಪ್ಪಾಜಿ, ಆದರೂ ಟ್ಯಾಂಕಿನ ಅಡಿಗೆ ನಿಧಾನಕ್ಕೆ ಬಂದ.

ಒಂಬತ್ತನೇ ದಿನ ಷಡಕ್ಷರಿಯ ಜೊತೆ ಬಿಂದುಮಾಧವ ಬಂದರು, ನೋಡಲು ನಾನೂ ಹೋಗಿದ್ದೆ. ಟೋಪಿ, ಛತ್ರಿ, ಅನುಮಾನ, ಮೂರನ್ನೂ ತಂದಿದ್ದರು. ಟ್ಯಾಂಕ್ ಮೂರು ಸಲ ತುಂಬಿಸಿ ಇಳಿಸಿದರು. ಬೀದಿಗೆ ಅವತ್ತು ಬಂದಷ್ಟು ನೀರು ಯಾವತ್ತೂ ಬಂದಿರಲಿಲ್ಲ. ಮೂರು ಸಲವೂ ಕಳೆದ ಮೇಲೆ ಉಳಿದದ್ದು ಹನ್ನೆರಡೇ.

"ಈ ತುಂಡು ಪಕ್ಕದಲ್ಲಿಡಬೇಕು ಅಂತ ಯಾವ ಪುಸ್ತಕದಲ್ಲಿ ಓದಿದಿರಿ?" ಅಂದರು.

"ನಮ್ಮಮ್ಮನ್ನ ಕೇಳಿ ಸಾರ್. ಆದ್ರೆ ಅವರು ಸುಮ್ಮನೆ ಮಾತಾಡಲ್ಲ, ಕಡ್ಡಿ ಕೊಟ್ಟು ಹೊಸೀಲಿಕ್ಕೆ ಕೂರಿಸ್ತಾರೆ."

ಬಿಂದುಮಾಧವ ನಕ್ಕು, ತಾವು ನೋಡಿಕೊಳ್ಳುತ್ತಿದ್ದ ಎರಡು ಸೇತುವೆಗೆ ಎಂಬತ್ತು ಎಳೆ ಬೇಕು ಅಂತ ಷಡಕ್ಷರಿಗೆ ಅಲ್ಲೇ ಹೇಳಿದರು.

ಷಡಕ್ಷರಿ ಖುಷಿಯಲ್ಲಿ ಎಡವಟ್ಟು ಮಾಡಿಕೊಂಡರು. "ಯಶೋಧಾ, ನೀನು ಉಳ್ಕೊ. ಇನ್ನೂ ಮೂರು ಜನ ಸಾಕು."

"ಸಾರ್, ಎಳೆ ಜಗ್ಗಿ ಹಿಡಿಯೋಳು ಒಬ್ಬಳು, ಅಂಟು ಹಾಕೋಳು ಒಬ್ಬಳು, ಅಂಕಿ ನೋಡೋಳು ಒಬ್ಬಳು. ಸೇತುವೆ ಎರಡು. ಸುಲಿಯೋರು, ಗೆರೆ ಬರೆಯೋರು ಶೆಡ್ಡಲ್ಲಿ. ನೀವೇ ಕೂಡಿಸಿ ನೋಡಿ. ಎಲ್ಲಾರೂ ಇದ್ರೆ ನಾನೂ ಇರ್ತೀನಿ."

"ಇಲ್ದಿದ್ರೆ?"

"ನಾಳೆ ಹತ್ತನೇ ದಿನ. ಅಣ್ಣನ ಶಾಮಿಯಾನ ರೆಡಿ ಇದೆ, ಮೈಕ್ ನನ್ನ ಕೈಲಿರುತ್ತೆ."

ಷಡಕ್ಷರಿ ನನ್ನ ಕಡೆ ನೋಡಿದರು. ನಾನು ಟ್ಯಾಂಕ್ ನೋಡುತ್ತಾ ನಿಂತೆ. ಸಂಜೆಯ ಹೊತ್ತಿಗೆ ಗೋಡೆಯ ಚೀಟಿ ಹರಿದುಹಾಕಿದ್ದರು. ಹನ್ನೊಂದರಲ್ಲಿ ಇಬ್ಬರು ಆಗಲೇ ಗಾರ್ಮೆಂಟ್ಸಿಗೆ ಸೇರಿಬಿಟ್ಟಿದ್ದರು, ವಾಪಸ್ ಬರಲಿಲ್ಲ. ಒಂಬತ್ತು ಜನ ಉಳಿದರು. ನಮ್ಮ ಹೋರಾಟಗಳಲ್ಲಿ ಸಾಮಾನ್ಯವಾಗಿ ಸಿಗುವುದು ಭರವಸೆ ಪತ್ರ, ಅದರ ಜೆರಾಕ್ಸು. ಒಂಬತ್ತು ಕೆಲಸ ಉಳಿದದ್ದು ನಾನಂತೂ ಹೆಚ್ಚು ಕಂಡಿಲ್ಲ.

ಈಗ ಎರಡು ಸಾವಿರದ ಎಂಟು. ಯಶೋಧಾ ಎಲ್ಲೋ ಒಂದು ಸೇತುವೆಯ ಕೆಳಗೆ ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಾಳೆ. ಧರಣಿಗೆ ಕರೆದರೆ "ಬಿಡುವಿಲ್ಲ ಅಣ್ಣ" ಅನ್ನುತ್ತಾಳೆ, ಕರೆದವರ ಬಾಯಿ ಮುಚ್ಚಿಸಲು ಪುಟ್ಟಲಿಂಗಮ್ಮನನ್ನು ಕಳಿಸುತ್ತಾಳೆ. ಕಾಂಕ್ರೀಟ್ ತುಂಡು ಇನ್ನೂ ಟ್ಯಾಂಕಿನ ಪಕ್ಕದಲ್ಲೇ ಇದೆ. ಮೊನ್ನೆ ನೀರಿಗೆ ಬಂದ ಒಬ್ಬಾಕೆ ಅದರ ಮೇಲೆ ಕೊಡ ಇಡಲು ಹೋದಳು. ಸಿದ್ದಪ್ಪಾಜಿ ಪಂಪ್ ಮನೆಯಿಂದಲೇ ಕೂಗಿದ:

"ಅದರ ಮೇಲೆ ಭಾರ ಹಾಕ್ಬೇಡ ಕಣಮ್ಮ! ಬಿಸಿಲು ಕಾಯೋದೊಂದೇ ಅದರ ಕೆಲಸ."