ಹೊರಗಿನ ಚಿಲಕ

ನನ್ನ ಗಂಡ ಗದಗ ಜೈಲಿನ ವಾರ್ಡರ್. ಕೈದಿಗೋಳ ಬ್ಯಾರಕ್ ಬಾಗಲಾ ಮುಂಜಾನೆ ತಗಿಯೂದು, ಸಂಜೀಕ ಹಾಕೂದು, ಇದಽ ಅವರ ಬಾಳೇವು. ಹಾಕಿದ ಮ್ಯಾಲೆ ಚಿಲಕಾ ಎರಡ ಸಲ ಜಗ್ಗಿ ನೋಡಬೇಕು, ಇಲ್ಲಾಂದ್ರ ಸಮಾಧಾನಿಲ್ಲ. ನಾವಿರೂದು ಜೈಲಿನ ಹಳೇ ಕಲ್ಲಿನ ಗ್ವಾಡಿ ಬಾಜೂಕಿನ ಕ್ವಾರ್ಟರ್ಸ್‌ನ್ಯಾಗ. ಒಂದಽ ಬಾಗಲಾ, ಸರಳಿನ ಕಿಟಕಿ. ಕೊರ್ಲಹಳ್ಳಿಯೊಳಗ ಹೊಳಿ ದಂಡಿಮ್ಯಾಲೆ ಓಡ್ಯಾಡಿ ಬೆಳದಾಕಿ ನಾ. ಇಲ್ಲಿ ಸಂತಿಗೆ ಹೋಗೂದಾದ್ರೂ ಗೇಟಿನ್ಯಾಗ ಹೇಳಿ ಹೋಗಬೇಕು. ಥೂ, ಏನ್ ಜೀವನಾನೋ!

ಅವತ್ತ ಮುಂಡರಗಿಯೊಳಗ ಹೊಲಿಗಿ ಕಲಿಸೂ ಕೆಲಸಕ್ಕ ಸಂದರ್ಶನ ಇತ್ತು. ಸಿಕ್ಕಿದ್ರ ದಿನಾ ಈ ಕಾಂಪೌಂಡ್ ದಾಟಿ ಹೋಗಬಹುದಿತ್ತು. ನಂಗ ಅದೊಂದಽ ಆಸೆ. ನಾ ಇಸ್ತ್ರಿ ಸೀರಿ ಉಟ್ಟು ತಲಿ ಹಿಕ್ಕೋತ ಕುಂತಾಗ ಅವರು ಡ್ಯೂಟಿಗೆ ಹೊಂಟ್ರು. ಬಾಗಲಾ ಎಳದ್ರು, ಹೊರಗ ಚಿಲಕಾ ಬಿತ್ತು. ಎರಡ ಸಲ ಜಗ್ಗಿದ ಸಪ್ಪಳಾನೂ ಕೇಳಿತು.

"ರೀ! ನಾ ಒಳಗದೀನ್ರಿ!" ಅಂತ ಒದರಿದೆ. ಹೋಗೇ ಬಿಟ್ಟಿದ್ರು. ಫೋನ್ ಹಚ್ಚೋಣಂದ್ರ, ಸಿಬ್ಬಂದಿ ಒಳಗ ಹೋಗುವಾಗ ಫೋನ್ ಗೇಟಿನ್ಯಾಗಽ ಇಡಬೇಕು. ಬಾಜೂ ಮನಿಯವರು ಲಗ್ನಕ್ಕಂತ ಲಕ್ಷ್ಮೇಶ್ವರಕ್ಕ ಹೋಗಿದ್ರು.

ಕಿಟಕ್ಯಾಗ ನೋಡಿದ್ರ ಒಬ್ಬ ಕೈದಿ ಗಿಡಕ್ಕ ನೀರ ಹಾಕಾಕತ್ತಿದ್ದ. ನಡತಿ ಚೊಲೊ ಅಂತ ಅವನ್ನ ಹೊರಗಿನ ಕೆಲಸಕ್ಕ ಬಿಡತಿದ್ರು. "ತಮ್ಮಾ, ಚಿಲಕಾ ತಗಿಯೋ" ಅಂದೆ.

ಅಂವ ಹಿಂದ ಸರದ. "ಅಕ್ಕಾರ, ಸಾಹೇಬ್ರ ಮನಿ ಚಿಲಕಕ್ಕ ನಾ ಕೈ ಹಚ್ಚಿದ್ರ ನನ್ನ ಬಿಡುಗಡಿ ತಪ್ಪತೈತ್ರಿ. ಗೇಟಿಗೆ ಹೋಗಿ ಹೇಳತೀನಿ" ಅಂತ ಓಡಿದ. ಹೊಳ್ಳಿ ಬಂದಾಗ ಮಾರಿ ಸಣ್ಣ ಆಗಿತ್ತು. ಒಳಗ ಕೈದಿಗೋಳ ಎಣಿಕಿ ನಡದೈತಿ, ಲೆಕ್ಕ ಕೂಡವಲ್ದಂತ. ಕೂಡೂತನಕ ಗೇಟ್ ತಗಿಯಂಗಿಲ್ಲ, ಗೇಟಿನಾಂವ ಜಾಗಾ ಬಿಟ್ಟು ಬರಂಗಿಲ್ಲ.

ಅವಂಗ ಇನ್ನೊಮ್ಮೆ ಕೇಳಾಕ ನನಗ ಬಾಯಿ ಬರಲಿಲ್ಲ. ಸರಳ ಹಿಡಕೊಂಡು ನಿಂತೆ. ಬಸ್ ಸ್ಟ್ಯಾಂಡಿನಿಂದ ಮುಂಡರಗಿ ಬಸ್ ಹೊಂಟಿರತೈತಿ ಅಂತ ನೆನಸಿಕೊಂಡೆ. ಸಿಟ್ಟಿಗೆ ಅಳು ಬಂತು.

ಲೆಕ್ಕ ಕೂಡಿದ ಮ್ಯಾಲೆ ಅವರು ಬಂದು ಬಾಗಲಾ ತಗದಾಗ ಬಿಸಲ ನೆತ್ತಿಗೇರಿತ್ತು, ಸಂದರ್ಶನದ ಹೊತ್ತ ಮೀರಿತ್ತು. "ಅಯ್ಯ, ಇದೇನಿದು? ನಾನಽ ಹಾಕಿದ್ನೇನು?" ಅಂತ ತಮ್ಮ ಕೈ ತಾವಽ ನೋಡಿಕೊಂಡ್ರು.

"ಆ ಒಳಗಿನವರ ಬಾಗಲಾ ತಗಿಯೂದು ಒಂದ ದಿನಾನರ ಮರತೀರೇನ್ರಿ?" ಅಂದೆ.

ಅವರು ಬಾಗಲಾ ಪೂರಾ ತಗದು, ನಾ ಹೊರಗ ಬರಲಿ ಅಂತ ಬಾಜೂಕ ಸರದು ನಿಂತ್ರು. ನಾ ಇಸ್ತ್ರಿ ಸೀರಿ ಬಿಚ್ಚಿ ಮಡಚಿಟ್ಟು, ರೊಟ್ಟಿಗೆ ಹಿಟ್ಟ ನಾದಾಕ ಕುಂತೆ.