ಗೊಂಬೆ ಮೆಟ್ಟಿಲ ಮೇಲೆ ರೋಮನ್ನರ ಔತಣ

ಪುಸ್ತಕ ಓದಿ ತಲೆ ಕೆಡಿಸಿಕೊಳ್ಳುವ ಕಾಯಿಲೆ ನನಗೆ ಮೊದಲಿನಿಂದಲೂ ಇದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಚೆನ್ನೈನ ವೆಸ್ಟ್ ಮಾಂಬಲಂ ಫ್ಲ್ಯಾಟಿನಲ್ಲಿದ್ದಾಗ ಹಿಡಿದದ್ದು ರೋಮ್. ಫುಟ್‌ಪಾತಿನಲ್ಲಿ ಕೊಂಡ ದಪ್ಪ ಪುಸ್ತಕ. ಯುದ್ಧಗಳನ್ನೆಲ್ಲ ಹಾರಿಸಿ ಊಟದ ಅಧ್ಯಾಯವನ್ನಷ್ಟೇ ಓದುತ್ತಿದ್ದೆ. ಮೀನನ್ನು ಬಿಸಿಲಲ್ಲಿ ಕೊಳೆಯಹಾಕಿ ಸಾರು ತೆಗೆಯುತ್ತಿದ್ದರಂತೆ. ನಮ್ಮ ಕರಿಮೆಣಸೆಂದರೆ ಪ್ರಾಣವಂತೆ. ಎಲ್ಲಕ್ಕಿಂತ ಮಜಾ ಎಂದರೆ, ದೊಡ್ಡವರ ಔತಣಗಳಲ್ಲಿ ಮಂಚದ ಮೇಲೆ ಎಡಮೊಣಕೈ ಊರಿ, ಮಲಗಿಕೊಂಡೇ ಉಣ್ಣುತ್ತಿದ್ದರಂತೆ!

ಆ ವರ್ಷ ಅತ್ತೆ ದಾವಣಗೆರೆಯಿಂದ ಬಂದು ನಮ್ಮ ಜೊತೆಗಿದ್ದರು. ತಮಿಳು ಬಾರದು. ಮೆಟ್ಟಿಲಲ್ಲಿ ಸಿಕ್ಕವರಿಗೆ ನಕ್ಕು, ಒಳಗೆ ಬಂದು ಸುಮ್ಮನೆ ಕೂರುವುದೇ ದಿನಚರಿ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದವರ ಮನೆಗೆ ಹೆಂಗಸರು ಬರುತ್ತಾರೆಂದು ತಿಳಿದದ್ದೇ ತಡ, "ನಾವೂ ಕೂರ್ಸಾಣ. ನಾಕು ಜನ ಬಂದ್ರೆ ಮಾತಿಗಾದ್ರೂ ಆಗ್ತಾರೆ" ಅಂದರು.

ನಮ್ಮ ಮನೆತನದಲ್ಲಿ ಆ ಪದ್ಧತಿಯೇ ಇಲ್ಲ. ಆದರೂ ಮೆಟ್ಟಿಲು ಕಟ್ಟಿದೆವು, ಕಡಲೆ ಉಸಲಿ ಮಾಡಿದೆವು. ಕೆಳಗಿನ ಸಾಲು ನನ್ನ ಕೈವಾಡ. ಮರದ ರಾಜ-ರಾಣಿಯರಿಗೆ ಬಿಳಿ ಕರ್ಚೀಫು ಸುತ್ತಿ, ರಟ್ಟಿನ ಮಂಚದಲ್ಲಿ ಮಲಗಿಸಿ, ಮುಂದೆ ದ್ರಾಕ್ಷಿ ಇಟ್ಟು, ರೋಮನ್ನರು ಉಣ್ಣುತ್ತಿದ್ದ ರೀತಿಯನ್ನು ಅತ್ತೆಗೂ ವಿವರಿಸಿದೆ.

ಮೊದಲ ದಿನದ ಸಂಜೆ ಕೆಳಗಿನ ಮನೆಗಳ ಮೂವರು ಮಾಮಿಯರು ಬಂದರು. ಗೊಂಬೆ ನೋಡಿ ಬಾಗಿಲಲ್ಲೇ ನಿಂತರು.

"ಎನ್ನಮ್ಮಾ, ಅದುಕ್ಕುಳ್ಳ ಗೊಲು ಮುಡಿಞ್ಚಿಡ್ಚಾ?" ಇಷ್ಟು ಬೇಗ ಹಬ್ಬ ಮುಗಿಯಿತೇ ಎಂದು ಹಿರಿಯ ಮಾಮಿಯ ಪ್ರಶ್ನೆ.

ಮರದ ಗೊಂಬೆಯನ್ನು ಮಲಗಿಸುವುದು ಕೊನೆಯ ದಿನವಂತೆ, ಹಬ್ಬ ಮುಗಿಯಿತೆನ್ನಲು. ನಾನು ಶುರುವಿನಲ್ಲೇ ಮಲಗಿಸಿದ್ದೆ, ಅದೂ ಹೆಣದಂತೆ ಬಿಳಿ ಬಟ್ಟೆ ಸುತ್ತಿ. ಒಬ್ಬರ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಅರೆಬರೆ ತಮಿಳಿನಲ್ಲಿ ರೋಮ್, ರಾಜರು, ಊಟ ಎಂದೆಲ್ಲ ತೊದಲಿದೆ. ಯಾರಿಗೂ ತಲೆಬುಡ ತಿಳಿಯಲಿಲ್ಲ.

"ಏನಂತಾರೆ? ಹೊಂಟೇಬಿಟ್ರಾ?" ಅತ್ತೆಯ ಮುಖ ಸಣ್ಣಗಾಯಿತು. ಮರುಕ್ಷಣವೇ ಸೆರಗು ಸಿಕ್ಕಿಸಿ, ಚಾಪೆಯ ಮೇಲೆ ಎಡಮೊಣಕೈ ಊರಿ ಒರಗಿ, ಒಂದು ಹಿಡಿ ಉಸಲಿ ಬಾಯಿಗೆ ಹಾಕಿಕೊಂಡರು.

"ನೋಡ್ರವ್ವಾ, ಹಿಂಗೆ ತಿಂತಿದ್ರಂತೆ, ಹುಚ್ಚು ಮಂದಿ!"

ಕಾಳು ನೆತ್ತಿಗೆ ಹತ್ತಿ ಕೆಮ್ಮು ಶುರುವಾಯಿತು. ಹಿರಿಯ ಮಾಮಿ ಓಡಿಬಂದು ಬೆನ್ನು ತಟ್ಟುತ್ತಾ, "ಎಳುಂದಿರುಂಗೋ ಮಾಮಿ!" ಎಂದು ಅವರನ್ನು ಎಬ್ಬಿಸಿ ಕೂರಿಸಿ, ತಾವೂ ಪಕ್ಕದಲ್ಲೇ ಕೂತು ಬಿದ್ದು ಬಿದ್ದು ನಕ್ಕರು. ಉಳಿದಿಬ್ಬರೂ ಒಳಗೆ ಬಂದರು. ರಾಜ-ರಾಣಿಯರ ಕರ್ಚೀಫು ಬಿಚ್ಚಿ ನಿಲ್ಲಿಸಿದ್ದೂ ಮಾಮಿಯೇ. ನನ್ನನ್ನು ಕೇಳಲೂ ಇಲ್ಲ.

ಮರುದಿನ ಬೆಳಗ್ಗೆ ಅವರೇ ಬೆಲ್ ಒತ್ತಿದರು. ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ಅತ್ತೆಯನ್ನು ಕೈಬೀಸಿ ಕರೆದರು. ಹೂವು ತರಲು ಕೋಯಂಬೇಡು ಮಾರ್ಕೆಟ್ಟಿಗೆ.

"ಅನ್ನ ಇಟ್ಕೊಂಡು ಉಣ್ಣು, ನಾ ಬರೋದು ತಡ ಆಗ್ತತಿ" ಎಂದು ಅತ್ತೆ ಚೀಲ ಹಿಡಿದು ಇಳಿದೇಬಿಟ್ಟರು.